ಒಂದು ದಿನದ ಸಮ್ಮೇಳನ, ಹನ್ನೆರಡು ತಿಂಗಳ ದುಡಿಮೆ

ವೆಬ್‌ಸೈಟ್ ತಂತ್ರಾಂಶ ಬಳಕೆದಾರರ ಕೂಟಗಳಿಂದ ನಮ್ಮ ಸಂಘಗಳು ಕಲಿಯಬೇಕಾದ ಪಾಠ

ಹೈದರಾಬಾದ್: ನವೆಂಬರ್ ಬಂತೆಂದರೆ ನಗರದ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ಬಿಡುವಿಲ್ಲ. ಸಭಾಂಗಣ ಗೊತ್ತು ಮಾಡಬೇಕು, ಅತಿಥಿಗಳಿಂದ ದಿನಾಂಕ ಪಡೆಯಬೇಕು, ಮೈಕು, ಊಟ, ಶಾಲು, ಹಾರ, ನೆನಪಿನ ಕಾಣಿಕೆ ಎಲ್ಲಕ್ಕೂ ಓಡಾಡಬೇಕು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಯಂತಹ ಸಂಸ್ಥೆಗಳನ್ನು ಕಟ್ಟಿ ಬೆಳೆಸಿದ ಇಲ್ಲಿನ ಕನ್ನಡಿಗರಿಗೆ ಸಭೆ ಸಮಾರಂಭ ನಡೆಸುವುದು ಹೊಸದೇನಲ್ಲ. ಆದರೆ ಕಾರ್ಯಕ್ರಮ ಮುಗಿದು ಐದು ವರ್ಷವಾದ ಮೇಲೆ ಅದರ ಫೋಟೊ ಎಲ್ಲಿದೆ, ಭಾಷಣದ ಧ್ವನಿಮುದ್ರಣ ಎಲ್ಲಿದೆ, ಸ್ಮರಣ ಸಂಚಿಕೆಯ ಪ್ರತಿ ಯಾರ ಬಳಿ ಇದೆ ಎಂದು ಕೇಳಿದರೆ ಎಷ್ಟು ಸಂಘಗಳು ಉತ್ತರ ಹೇಳಬಲ್ಲವು?

‘ನಮ್ಮದೊಂದು ವೆಬ್‌ಸೈಟ್ ಇತ್ತಲ್ಲ’ ಎಂದು ಯಾರಾದರೂ ನೆನಪಿಸುತ್ತಾರೆ. ಇತ್ತು. ಹೈಟೆಕ್ ಸಿಟಿಯಲ್ಲಿ ಕೆಲಸಕ್ಕಿದ್ದ ಹುಡುಗನೊಬ್ಬ ಎರಡು ಭಾನುವಾರ ಕುಳಿತು ಮಾಡಿಕೊಟ್ಟಿದ್ದ. ಆ ಹುಡುಗ ಪುಣೆಗೋ ಅಮೆರಿಕೆಗೋ ಹೋದ. ವೆಬ್‌ಸೈಟಿನ ಹೆಸರು ಅವನದೇ ಇಮೇಲ್‌ನಲ್ಲಿ ನೋಂದಣಿಯಾಗಿತ್ತು, ಪಾಸ್‌ವರ್ಡ್ ಅವನಿಗೊಬ್ಬನಿಗೇ ಗೊತ್ತಿತ್ತು. ವರ್ಷದ ನವೀಕರಣದ ಹಣ ಕಟ್ಟುವವರಿಲ್ಲದೆ ತಾಣ ನಿಂತುಹೋಯಿತು. ಇದು ಯಾವುದೋ ಒಂದು ಸಂಘದ ಕಥೆಯಲ್ಲ, ಹೊರನಾಡಿನ ಬಹುತೇಕ ಸಂಘಗಳ ಕಥೆ. ಹುಡುಗನ ತಪ್ಪೂ ಇದರಲ್ಲಿಲ್ಲ. ಒಬ್ಬನ ತಲೆಯ ಮೇಲೆ ಎಲ್ಲವನ್ನೂ ಹೊರಿಸಿದ ವ್ಯವಸ್ಥೆಯ ತಪ್ಪು ಇದು.

ವೆಬ್‌ಸೈಟ್ ತಂತ್ರಾಂಶ ಬಳಸುವವರು ಊರೂರಿನಲ್ಲಿ ತಾವೇ ನಡೆಸುವ ಸಮ್ಮೇಳನಗಳ ಕಡೆಗೆ ನಮ್ಮವರು ಒಮ್ಮೆ ಕಣ್ಣು ಹಾಯಿಸಬೇಕಾದದ್ದು ಈ ಕಾರಣಕ್ಕೇ. ಅಲ್ಲಿ ಕಲಿಯಲು ತಂತ್ರಜ್ಞಾನ ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ ಕೆಲಸ ಹಂಚುವ ಮತ್ತು ಲೆಕ್ಕ ಇಡುವ ಕ್ರಮವಿದೆ.

ಏನಿದು ವರ್ಡ್‌ಕ್ಯಾಂಪ್?

ಇಂದು ಜಗತ್ತಿನ ಪ್ರತಿ ಹತ್ತು ವೆಬ್‌ಸೈಟ್‌ಗಳಲ್ಲಿ ನಾಲ್ಕಕ್ಕೂ ಹೆಚ್ಚು ನಡೆಯುತ್ತಿರುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ. ಮಿಷೆಲ್ ವಾಲ್ಡ್ರಿಗಿ ಎಂಬವರು ಬರೆದಿದ್ದ ಬಿ2 ಎಂಬ ಹಳೆಯ ತಂತ್ರಾಂಶದ ಕೆಲಸ ನಿಂತುಹೋದಾಗ, ಅಮೆರಿಕದ ಮ್ಯಾಟ್ ಮುಲೆನ್‌ವೆಗ್ ಮತ್ತು ಇಂಗ್ಲೆಂಡಿನ ಮೈಕ್ ಲಿಟ್ಲ್ ಅದನ್ನೇ ಎತ್ತಿಕೊಂಡು ಮುಂದುವರಿಸಿದರು. 2003ರ ಮೇ 27ರಂದು ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಹೊರಬಂತು. ಇದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಒಬ್ಬರು ಕೈಬಿಟ್ಟ ಕೆಲಸವನ್ನು ಇನ್ನಿಬ್ಬರು ಎತ್ತಿಕೊಳ್ಳಲು ಸಾಧ್ಯವಾದದ್ದೂ ಈ ಸ್ವಾತಂತ್ರ್ಯದಿಂದಲೇ ಎಂಬುದು ಗಮನಾರ್ಹ.

ಉಚಿತವಾಗಿ ಸಿಗುವ ವಸ್ತುವಿಗೆ ದೂರು ಹೇಳಲು ಅಂಗಡಿಯವನಿರುವುದಿಲ್ಲ. ತೊಂದರೆಯಾದರೆ ಬಳಸುವವರು ಬಳಸುವವರನ್ನೇ ಕೇಳಬೇಕು. ಹೀಗೆ ಕೇಳುವ, ಹೇಳುವ ಅಭ್ಯಾಸವೇ ಸಮ್ಮೇಳನಗಳಿಗೆ ದಾರಿಯಾಯಿತು. 2006ರ ಆಗಸ್ಟ್ 5ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ‘ವರ್ಡ್‌ಕ್ಯಾಂಪ್’ ನಡೆಯಿತು. 2009ರ ಫೆಬ್ರವರಿಯಲ್ಲಿ ದೆಹಲಿಯ ಸಮ್ಮೇಳನದೊಂದಿಗೆ ಭಾರತಕ್ಕೂ ಬಂತು. ಆಮೇಲೆ ಮುಂಬಯಿ, ಪುಣೆ, ಅಹಮದಾಬಾದ್, ಕೊಚ್ಚಿ ಮುಂತಾದ ಊರುಗಳಲ್ಲಿ ಸ್ಥಳೀಯರೇ ನಡೆಸಿದರು. ಏಷ್ಯಾ ಮಟ್ಟದ ಸಮ್ಮೇಳನ 2023ರಲ್ಲಿ ಬ್ಯಾಂಕಾಕ್, 2024ರಲ್ಲಿ ತೈಪೆ, 2025ರಲ್ಲಿ ಮನಿಲಾ ನಗರಗಳಲ್ಲಿ ನಡೆಯಿತು. 2026ರದ್ದಕ್ಕೆ ಮುಂಬಯಿಯನ್ನು ಆರಿಸಲಾಯಿತು.

ಮೊದಲು ತಿಂಗಳ ಸಭೆ, ಆಮೇಲೆ ಸಮ್ಮೇಳನ

ಒಂದು ಊರಿನಲ್ಲಿ ನಾಲ್ವರು ಉತ್ಸಾಹಿಗಳು ಸೇರಿ ‘ನಾವೂ ಒಂದು ಸಮ್ಮೇಳನ ಮಾಡಿಬಿಡೋಣ’ ಎಂದರೆ ಸಾಲದು. ವರ್ಡ್‌ಪ್ರೆಸ್ ಸಮುದಾಯದ ಕೇಂದ್ರ ತಂಡಕ್ಕೆ ಅರ್ಜಿ ಹಾಕಿದಾಗ ಅವರು ನೋಡುವ ಮುಖ್ಯ ಸಂಗತಿಗಳಲ್ಲೊಂದು, ಊರಿನಲ್ಲಿ ಬಳಕೆದಾರರ ಸಭೆಗಳು ತಪ್ಪದೆ ನಡೆಯುತ್ತಿವೆಯೇ ಎಂಬುದು. ಸಭೆ ಎಂದರೆ ದೊಡ್ಡದಾಗಬೇಕಿಲ್ಲ. ಒಂದು ಕೋಣೆ, ಹದಿನೈದು ಇಪ್ಪತ್ತು ಮಂದಿ, ಒಬ್ಬರು ಅರ್ಧ ಗಂಟೆ ತಮ್ಮ ಅನುಭವ ಹೇಳಿದರೆ ಉಳಿದವರು ಪ್ರಶ್ನೆ ಕೇಳುವುದು, ಕೊನೆಗೆ ಚಹಾ.

ಈ ನಿಯಮದ ಹಿಂದೆ ಅನುಭವವಿದೆ. ತಿಂಗಳ ಸಭೆಗೆ ಬರುವವರಲ್ಲಿ ಯಾರು ಹೇಳಿದ ಹೊತ್ತಿಗೆ ಬರುತ್ತಾರೆ, ಯಾರು ಸಭೆ ಮುಗಿದ ಮೇಲೆ ನಿಂತು ಕುರ್ಚಿ ಜೋಡಿಸುತ್ತಾರೆ, ಯಾರಿಗೆ ಚೆನ್ನಾಗಿ ವಿವರಿಸಲು ಬರುತ್ತದೆ ಎಂಬುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ. ಸಮ್ಮೇಳನದ ಭಾಷಣಕಾರರೂ ಸ್ವಯಂಸೇವಕರೂ ಅಲ್ಲಿಂದಲೇ ಸಿಗುತ್ತಾರೆ. ಸಭೆಯೇ ಇಲ್ಲದ ಊರಿನಲ್ಲಿ ಹಣ ಸುರಿದು ಸಮ್ಮೇಳನ ಮಾಡಿದರೆ ಮರುದಿನ ಉಳಿಯುವುದು ಬ್ಯಾನರ್ ಮಾತ್ರ.

ಸಮ್ಮೇಳನ ನಡೆಸಲು ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಹಂಚಿಕೆ. ಜಾಗ, ಊಟ, ಭಾಷಣಗಳ ಆಯ್ಕೆ, ಪ್ರಾಯೋಜಕರು, ಪ್ರಚಾರ, ಸ್ವಯಂಸೇವಕರು, ಲೆಕ್ಕಪತ್ರ ಹೀಗೆ ಒಂದೊಂದಕ್ಕೂ ಒಬ್ಬೊಬ್ಬರು ಹೊಣೆ. ಅಧ್ಯಕ್ಷರೇ ಎಲ್ಲವನ್ನೂ ಮಾಡುವ ಪದ್ಧತಿ ಇಲ್ಲ. ವಾರಕ್ಕೊಮ್ಮೆ ಎಲ್ಲರೂ ಮಾತಾಡಿ ಏನಾಯಿತು, ಏನು ಬಾಕಿ ಎಂದು ಬರೆದಿಟ್ಟುಕೊಳ್ಳುತ್ತಾರೆ. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಆ ಬರಹ ನೋಡಿ ಕೆಲಸ ಮುಂದುವರಿಸಬಹುದು.

ಮುಖ್ಯ ಅತಿಥಿಗಳಿಲ್ಲ, ಸಂಭಾವನೆಯೂ ಇಲ್ಲ

ನಮ್ಮ ಸಮಾರಂಭಗಳನ್ನು ಕಂಡವರಿಗೆ ಈ ಸಮ್ಮೇಳನದ ಕೆಲವು ಕಟ್ಟುಪಾಡುಗಳು ವಿಚಿತ್ರವೆನಿಸಬಹುದು. ಸಂಘಟಕರಿಗೆ ಸಂಬಳವಿಲ್ಲ. ಭಾಷಣಕಾರರಿಗೆ ಸಂಭಾವನೆ ಇಲ್ಲ. ಭಾಷಣ ಮಾಡಬಯಸುವವರು ತಮ್ಮ ವಿಷಯವನ್ನು ಬರೆದು ಮೊದಲೇ ಅರ್ಜಿ ಕಳಿಸಬೇಕು, ಆಯ್ಕೆ ಮಾಡುವುದು ತಂಡ. ವೇದಿಕೆಯನ್ನು ತಮ್ಮ ಅಂಗಡಿಯ ಮಾಲು ಮಾರಲು ಬಳಸುವಂತಿಲ್ಲ. ಪ್ರಾಯೋಜಕರು ಎಷ್ಟೇ ಹಣ ಕೊಟ್ಟರೂ ಅದರ ಬದಲು ಭಾಷಣದ ಅವಕಾಶ ಕೇಳುವಂತಿಲ್ಲ. ಅವರಿಗೆ ಸಿಗುವುದು ಒಂದು ಮೇಜು, ಬ್ಯಾನರಿನಲ್ಲಿ ಹೆಸರು ಮತ್ತು ಕೃತಜ್ಞತೆ.

ಟಿಕೆಟ್ ದರ ಕಡಿಮೆ ಇರಬೇಕೆಂಬುದೂ ನಿಯಮವೇ. ವಿದ್ಯಾರ್ಥಿಯೂ ಸಣ್ಣ ಅಂಗಡಿಯವನೂ ಬರುವಂತಿರಬೇಕು ಎಂಬುದು ಉದ್ದೇಶ. ಪೂರ್ತಿ ಪುಕ್ಕಟೆ ಮಾಡುವುದನ್ನು ಮಾತ್ರ ಅನುಭವಿಗಳು ಒಪ್ಪುವುದಿಲ್ಲ. ಪುಕ್ಕಟೆ ಎಂದರೆ ಹೆಸರು ಬರೆಸಿದವರಲ್ಲಿ ಅನೇಕರು ಬರುವುದಿಲ್ಲ, ಮಾಡಿಸಿದ ಊಟ ಉಳಿಯುತ್ತದೆ. ಸ್ವಲ್ಪವಾದರೂ ಹಣ ಕೊಟ್ಟವನು ಭಾನುವಾರ ಬೆಳಿಗ್ಗೆ ಎದ್ದು ಬರುತ್ತಾನೆ.

ಭಾಷಣಗಳ ವಿಡಿಯೊ ತೆಗೆದು ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಇಡುವುದು ಇನ್ನೊಂದು ಪದ್ಧತಿ. ಬರಲಾಗದವರಿಗೂ ಮುಂದೆ ಬರುವವರಿಗೂ ಅದು ಸಿಗುತ್ತದೆ. ನಮ್ಮ ಸಂಘಗಳಲ್ಲಿ ನಡೆದ ಎಷ್ಟೋ ವಿದ್ವಾಂಸರ ಉಪನ್ಯಾಸಗಳು ಆ ಸಂಜೆಯೇ ಗಾಳಿಯಲ್ಲಿ ಸೇರಿಹೋದವು ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಲೆಕ್ಕ ಹೀಗಿದೆ

ಉತ್ಸಾಹಕ್ಕೆ ಲೆಕ್ಕದ ಕಡಿವಾಣ ಇಲ್ಲದಿದ್ದರೆ ಗೆಳೆತನವೇ ಕೆಡುತ್ತದೆ. 150 ಮಂದಿಯ ಒಂದು ದಿನದ ಸಮ್ಮೇಳನಕ್ಕೆ ಉದಾಹರಣೆಯಾಗಿ ಒಂದು ಅಂದಾಜು ಹಾಕೋಣ. ದರಗಳು ಜಾಗಕ್ಕೆ ತಕ್ಕಂತೆ ಬದಲಾಗುತ್ತವೆ, ಕ್ರಮ ಮಾತ್ರ ಇದೇ.

ಸಭಾಂಗಣ ಮತ್ತು ಮೈಕು 45,000 ರೂ. ಬೆಳಗಿನ ತಿಂಡಿ, ಊಟ, ಎರಡು ಸಲ ಚಹಾ ತಲೆಗೆ 450 ರೂ.ನಂತೆ 67,500 ರೂ. ಟೀ ಶರ್ಟ್ ಒಂದಕ್ಕೆ 250 ರೂ.ನಂತೆ 37,500 ರೂ. ಗುರುತಿನ ಚೀಟಿ, ಬ್ಯಾನರ್, ಮುದ್ರಣ 12,000 ರೂ. ವಿಡಿಯೊ 20,000 ರೂ. ಭಾಷಣಕಾರರಿಗೆ ಕಿರು ಕಾಣಿಕೆ 6,000 ರೂ. ಕೈಮೀರಿ ಬರುವ ಖರ್ಚಿಗೆ 12,000 ರೂ. ಒಟ್ಟು 2 ಲಕ್ಷ ರೂಪಾಯಿ.

ಇನ್ನು ಆದಾಯ. 150 ಮಂದಿಯಲ್ಲಿ ಭಾಷಣಕಾರರು, ಸಂಘಟಕರು, ಸ್ವಯಂಸೇವಕರು ಸೇರಿ 30 ಮಂದಿಗೆ ಟಿಕೆಟ್ ಇಲ್ಲ ಎಂದಿಟ್ಟುಕೊಳ್ಳಿ. ಉಳಿದ 120 ಮಂದಿ ತಲಾ 500 ರೂ. ಕೊಟ್ಟರೆ 60,000 ರೂ. ಆಗುತ್ತದೆ. ಕೊರತೆ 1,40,000 ರೂ. ಇದನ್ನು ಪ್ರಾಯೋಜಕರು ತುಂಬಬೇಕು. ತುಂಬದಿದ್ದರೆ ಏನು ಬಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿರಬೇಕು. ಟೀ ಶರ್ಟ್ ಬಿಡಬಹುದು, ಊಟ ಬಿಡಲಾಗದು. ಹೆಸರು ಬರೆಸಿದವರಲ್ಲಿ 30 ಮಂದಿ ಬಾರದೆ ಹೋದರೆ ಊಟದ ಬಾಬ್ತಿನಲ್ಲೇ 13,500 ರೂ. ವ್ಯರ್ಥ. ಟಿಕೆಟ್ ಇಡಬೇಕೆನ್ನುವುದು ಏಕೆಂದು ಈ ಅಂಕಿಯೇ ಹೇಳುತ್ತದೆ.

ಇಲ್ಲಿ ಮೆಚ್ಚಬೇಕಾದ ಮಾತು ಇನ್ನೊಂದಿದೆ. ಪ್ರಾಯೋಜಕರ ಹಣ ಸಂಘಟಕರ ಸ್ವಂತ ಖಾತೆಗೆ ಬೀಳದೆ, ವರ್ಡ್‌ಪ್ರೆಸ್ ಪ್ರತಿಷ್ಠಾನಕ್ಕೆ ಸೇರಿದ ಸಂಸ್ಥೆಯ ಮೂಲಕ ಹಾದುಹೋಗುವ ವ್ಯವಸ್ಥೆ ಇದೆ. ಅಂದಾಜು ಪಟ್ಟಿಯನ್ನು ಇನ್ನೊಬ್ಬ ಅನುಭವಿ ಸ್ವಯಂಸೇವಕರು ಸಾಲು ಸಾಲಾಗಿ ಪರಿಶೀಲಿಸುತ್ತಾರೆ. ಮುಗಿದ ಮೇಲೆ ಖರ್ಚಿನ ವಿವರ ಒಪ್ಪಿಸಬೇಕು. ಹಣ ಉಳಿದರೆ ಹಂಚಿಕೊಳ್ಳುವಂತಿಲ್ಲ, ಅದು ಬೇರೆ ಊರಿನ ಇಂಥದೇ ಕೆಲಸಕ್ಕೆ ಹೋಗುತ್ತದೆ. ಬ್ಯಾಂಕಿನ ತಿಜೋರಿಗೆ ಎರಡು ಕೀಲಿಕೈ ಇರುವುದು ಗುಮಾಸ್ತನ ಮೇಲಿನ ಅನುಮಾನದಿಂದಲ್ಲ. ನಾಳೆ ಯಾರೂ ಅವನ ಮೇಲೆ ಬೆರಳು ತೋರದಿರಲಿ ಎಂಬ ಕಾರಣಕ್ಕೆ. ಇಲ್ಲಿನ ನಿಯಮವೂ ಅಂಥದೇ.

ಎಷ್ಟು ಎಚ್ಚರ ವಹಿಸಿದರೂ ಕೈಮೀರಿದ್ದು ಬರುತ್ತದೆ. 2020ರ ಫೆಬ್ರವರಿಯಲ್ಲಿ ಬ್ಯಾಂಕಾಕ್‌ನಲ್ಲಿ ಮೊದಲ ಏಷ್ಯಾ ಸಮ್ಮೇಳನಕ್ಕೆ ಎಲ್ಲ ಸಿದ್ಧವಾಗಿತ್ತು. ಕೊರೊನಾ ಕಾರಣಕ್ಕೆ ಇನ್ನು ಕೆಲವೇ ದಿನ ಇರುವಾಗ ರದ್ದು ಮಾಡಬೇಕಾಯಿತು. ಮೂರು ವರ್ಷದ ನಂತರ ಅದೇ ಊರಿನಲ್ಲಿ ಸಮ್ಮೇಳನ ನಡೆಯಿತು. ಸಮುದಾಯ ಗಟ್ಟಿಯಾಗಿದ್ದರೆ ತಪ್ಪಿದ ದಿನಾಂಕ ಮತ್ತೆ ಬರುತ್ತದೆ.

ಹೈದರಾಬಾದಿಗೆ ಇದು ಹೊಸದಲ್ಲ

ಮುಕ್ತ ತಂತ್ರಾಂಶದವರ ಕೂಟಕ್ಕೆ ಈ ನಗರ ಹೇಳಿ ಮಾಡಿಸಿದಂತಿದೆ. 2018ರಲ್ಲಿ ಮತ್ತು 2023ರಲ್ಲಿ ಪೈಥಾನ್ ಭಾಷೆಯ ಬಳಕೆದಾರರ ರಾಷ್ಟ್ರೀಯ ಸಮ್ಮೇಳನ ‘ಪೈಕಾನ್ ಇಂಡಿಯಾ’ ಇಲ್ಲೇ ನಡೆಯಿತು. ವಿಕಿಪೀಡಿಯದ ಪುಟಗಳು ನಡೆಯುವುದೂ ಮೀಡಿಯಾವಿಕಿ ಎಂಬ ಮುಕ್ತ ವೆಬ್‌ಸೈಟ್ ತಂತ್ರಾಂಶದ ಮೇಲೆ. ಅದರಲ್ಲಿ ಬರೆಯುವ ಭಾರತೀಯ ಭಾಷೆಗಳ ಸಂಪಾದಕರ ಸಮ್ಮೇಳನ 2011ರಲ್ಲಿ ಮುಂಬಯಿಯಲ್ಲಿ, 2016ರಲ್ಲಿ ಚಂಡೀಗಢದಲ್ಲಿ ನಡೆದು, ಮೂರನೆಯದು 2023ರ ಏಪ್ರಿಲ್ 28ರಿಂದ 30ರವರೆಗೆ ಹೈದರಾಬಾದಿನಲ್ಲಿ ಜರುಗಿತು. ಸಂಬಳಕ್ಕಲ್ಲದೆ ಬಿಡುವಿನ ವೇಳೆಯಲ್ಲಿ ಬರೆಯುವವರು ಎರಡನೆಯದರ ನಂತರ ಏಳು ವರ್ಷಕ್ಕೆ ಮತ್ತೆ ಒಂದೆಡೆ ಕುಳಿತರು ಎಂಬುದು ಸಣ್ಣ ಸಂಗತಿಯಲ್ಲ.

ಅಮೀರ್‌ಪೇಟೆಯ ಕಥೆಯನ್ನಂತೂ ಹೇಳಲೇಬೇಕು. ಮೈತ್ರಿವನದ ಸುತ್ತಿನ ಗಲ್ಲಿಗಳಲ್ಲಿ ಗೋಡೆ ಕಾಣದಷ್ಟು ಕಂಪ್ಯೂಟರ್ ತರಬೇತಿಯ ಬೋರ್ಡುಗಳು. ಬೀದರ್, ಕಲಬುರಗಿ, ರಾಯಚೂರಿನಿಂದ ಬರುವ ನಮ್ಮ ಮಕ್ಕಳೂ ಅಲ್ಲಿ ಹಾಸ್ಟೆಲ್ ಹಿಡಿದು ಕಲಿಯುತ್ತಾರೆ. ಅವರಿಗೆ ಪಾಠ ಸಿಗುತ್ತದೆ, ಪ್ರಮಾಣಪತ್ರ ಸಿಗುತ್ತದೆ. ಆದರೆ ‘ನೀನು ಮಾಡಿದ ಒಂದು ವೆಬ್‌ಸೈಟ್ ತೋರಿಸು’ ಎಂದು ಕೆಲಸ ಕೊಡುವವರು ಕೇಳಿದಾಗ ತಬ್ಬಿಬ್ಬಾಗುತ್ತಾರೆ. ಬಳಕೆದಾರರ ಸಭೆಗೆ ಬಂದರೆ ಕೆಲಸದಲ್ಲಿರುವವರ ಪರಿಚಯವಾಗುತ್ತದೆ. ಸಂಘದ ವೆಬ್‌ಸೈಟ್ ಮಾಡಿಕೊಟ್ಟರೆ ತೋರಿಸಲು ಒಂದು ಕೆಲಸವಾಗುತ್ತದೆ. ಸಂಘಕ್ಕೂ ಲಾಭ, ಮಗುವಿಗೂ ಲಾಭ.

ಜಾಗದ ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ಕಾಚಿಗುಡದಿಂದ ಹೈಟೆಕ್ ಸಿಟಿಗೆ ಹೋಗುವುದೆಂದರೆ ಊರಿನ ಈ ತುದಿಯಿಂದ ಆ ತುದಿಗೆ ಪ್ರಯಾಣ. ಎರಡು ಮೆಟ್ರೊ ಮಾರ್ಗಗಳು ಕೂಡುವ ಅಮೀರ್‌ಪೇಟೆಯ ಆಸುಪಾಸು ಎರಡೂ ಕಡೆಯವರಿಗೆ ಅನುಕೂಲ. ಮದುವೆಯ ಮುಹೂರ್ತವಿರುವ ತಿಂಗಳಲ್ಲಿ ಸಭಾಂಗಣದ ದರ ಏರುತ್ತದೆ, ಪರೀಕ್ಷೆಯ ತಿಂಗಳಲ್ಲಿ ವಿದ್ಯಾರ್ಥಿಗಳು ಬರುವುದಿಲ್ಲ. ಪಂಚಾಂಗವನ್ನೂ ಕಾಲೇಜು ವೇಳಾಪಟ್ಟಿಯನ್ನೂ ಒಟ್ಟಿಗೆ ಇಟ್ಟುಕೊಂಡೇ ದಿನ ಗೊತ್ತು ಮಾಡಬೇಕು.

ಕನ್ನಡಕ್ಕೇನು ಪ್ರಯೋಜನ?

ಕಂಪ್ಯೂಟರಿಗೂ ಕನ್ನಡಕ್ಕೂ ನಂಟು ಬೆಸೆದವರಲ್ಲಿ ಹೊರನಾಡಿನಲ್ಲಿ ದುಡಿದವರೂ ಇದ್ದಾರೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿ ದುಡಿದ ಡಾ. ಯು.ಬಿ. ಪವನಜ ಅವರು 1996ರಲ್ಲಿ ‘ವಿಶ್ವಕನ್ನಡ’ ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದರು. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಅವರು ‘ಸಂಪದ’ವನ್ನು ಕಟ್ಟಿದ್ದು ಡ್ರೂಪಲ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ಮೇಲೆ. ಸಾಫ್ಟ್‌ವೇರ್ ಬರೆಯಲು ಬಾರದ ಎಷ್ಟೋ ಮಂದಿ ಅಲ್ಲಿ ಕನ್ನಡದಲ್ಲಿ ಬರೆದರು.

ವರ್ಡ್‌ಪ್ರೆಸ್‌ಗೂ ಕನ್ನಡ ಆವೃತ್ತಿ ಇದೆ. ಅದನ್ನು ಕನ್ನಡಕ್ಕೆ ತರುವವರು ಸ್ವಯಂಸೇವಕರು. ಹೊಸ ಆವೃತ್ತಿ ಬಂದಂತೆಲ್ಲ ಹೊಸ ಸಾಲುಗಳು ಸೇರುವುದರಿಂದ ಈ ಕೆಲಸಕ್ಕೆ ಮುಗಿಯಿತು ಎಂಬುದಿಲ್ಲ. ವರ್ಡ್‌ಕ್ಯಾಂಪ್‌ನೊಂದಿಗೆ ಸಾಮಾನ್ಯವಾಗಿ ‘ಕೊಡುಗೆಯ ದಿನ’ ಎಂದು ಒಂದು ದಿನ ಇಡುತ್ತಾರೆ. ಅಂದು ಬಂದವರೆಲ್ಲ ತಮಗೆ ತಿಳಿದ ಕೆಲಸ ಮಾಡಿಕೊಡುತ್ತಾರೆ. ಅನುವಾದ ಮಾಡಲು ಕೋಡ್ ಬರೆಯುವುದು ಗೊತ್ತಿರಬೇಕಿಲ್ಲ, ಒಳ್ಳೆಯ ಕನ್ನಡ ಗೊತ್ತಿದ್ದರೆ ಸಾಕು. ನಿವೃತ್ತ ಅಧ್ಯಾಪಕರೂ ಗೃಹಿಣಿಯರೂ ಕೈಜೋಡಿಸಬಹುದಾದ ಕೆಲಸ ಇದು. ‘ಇದೆಲ್ಲ ಹುಡುಗರಿಗೆ’ ಎಂದು ಹಿರಿಯರು ದೂರ ನಿಲ್ಲುವುದು ಬೇಡ.

ಹಿರಿಯರ ಬಳಿ ಇನ್ನೂ ಒಂದು ನಿಧಿಯಿದೆ. ಎರಡು ದಶಕದ ಹಿಂದೆ ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಟೈಪಾದ ಸ್ಮರಣ ಸಂಚಿಕೆ, ವರದಿ, ಸದಸ್ಯರ ಪಟ್ಟಿಗಳು ಯಾರದೋ ಕಂಪ್ಯೂಟರಿನಲ್ಲೋ ಸಿ.ಡಿ.ಯಲ್ಲೋ ಮಲಗಿವೆ. ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಕಾಣುತ್ತವೆ. ಅವುಗಳನ್ನು ಯುನಿಕೋಡ್‌ಗೆ ಬದಲಾಯಿಸಬಹುದು, ಅದಕ್ಕೆ ಉಚಿತ ಸಾಧನಗಳಿವೆ. ಆದರೆ ಸಿ.ಡಿ. ಕೆಟ್ಟ ಮೇಲೆ, ಇಟ್ಟವರು ಇಲ್ಲವಾದ ಮೇಲೆ ಯಾವ ಸಾಧನವೂ ಉಪಯೋಗಕ್ಕೆ ಬಾರದು. ಈ ಊರಿಗೆ ಕನ್ನಡಿಗರು ಹೇಗೆ ಬಂದರು, ಏನು ಕಟ್ಟಿದರು ಎಂಬುದನ್ನು ಮೊಮ್ಮಕ್ಕಳಿಗೆ ಹೇಳುವ ದಾಖಲೆ ಅದು.

ಇಂದೇ ಮಾಡಬಹುದಾದದ್ದು

ಸಮ್ಮೇಳನದ ಮಾತು ಹಾಗಿರಲಿ. ಪ್ರತಿ ಸಂಘವೂ ಈ ತಿಂಗಳೇ ಮೂರು ಕೆಲಸ ಮಾಡಬಹುದು. ಒಂದು, ವೆಬ್‌ಸೈಟಿನ ಹೆಸರನ್ನು ವ್ಯಕ್ತಿಯ ಹೆಸರಿನಿಂದ ಸಂಘದ ಹೆಸರಿಗೆ, ಸಂಘದ್ದೇ ಇಮೇಲ್‌ಗೆ ವರ್ಗಾಯಿಸುವುದು. ಎರಡು, ನವೀಕರಣದ ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಆ ಖರ್ಚನ್ನು ವಾರ್ಷಿಕ ಆಯವ್ಯಯದಲ್ಲಿ ಸೇರಿಸುವುದು. ಮೂರು, ತಾಣ ನಡೆಸುವುದನ್ನು ಕನಿಷ್ಠ ಇಬ್ಬರಿಗೆ ಕಲಿಸುವುದು, ಅವರಲ್ಲಿ ಒಬ್ಬರು ವರ್ಗಾವಣೆಯ ಭಯವಿಲ್ಲದ ಹಿರಿಯರಾಗಿದ್ದರೆ ಮೇಲು.

ಆಮೇಲೆ ತಿಂಗಳಿಗೊಂದು ಭಾನುವಾರ. ನಾಲ್ಕೈದು ಸಂಘಗಳಿಂದ ಇಬ್ಬಿಬ್ಬರು ಬಂದರೂ ಹತ್ತು ಮಂದಿ ಆದರು. ಭಾಷೆಯ ಚಿಂತೆ ಬೇಡ. ಕನ್ನಡ, ತೆಲುಗು, ಹಿಂದಿ ಮೂರನ್ನೂ ಬೆರೆಸಿ ಮಾತಾಡುವುದು ಈ ಊರಿನ ಕನ್ನಡಿಗನಿಗೆ ಅಭ್ಯಾಸವೇ. ನಗರದ ತೆಲುಗು, ಉರ್ದು ಬಳಗದವರೂ ಬಂದರೆ ಇನ್ನೂ ಒಳ್ಳೆಯದು, ಅವರ ಸಂಘಗಳ ಕಷ್ಟವೂ ಇದೇ. ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತಿನ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ಹನ್ನೆರಡು ಭಾನುವಾರ ತಪ್ಪದೆ ನಡೆದರೆ ಸಮ್ಮೇಳನ ನಡೆಸುವ ತಂಡ ತಾನಾಗಿ ಸಿದ್ಧವಾಗಿರುತ್ತದೆ.

ಹಾಡು, ನಾಟಕ, ಹಬ್ಬದೂಟಗಳಿಂದ ಕನ್ನಡವನ್ನು ಉಳಿಸಿಕೊಂಡು ಬಂದವರು ನಾವು. ಅವುಗಳ ನೆನಪನ್ನು ಉಳಿಸುವ ಕೆಲಸವೂ ನಮ್ಮದೇ. ಮುಂದಿನ ಸಲ ಸಂಘದ ಹುಡುಗನೊಬ್ಬ ಬೇರೆ ಊರಿಗೆ ಹೊರಟಾಗ ಕಾಚಿಗುಡ ನಿಲ್ದಾಣದವರೆಗೆ ಹೋಗಿ ಸಂತೋಷದಿಂದ ಬೀಳ್ಕೊಡೋಣ. ಆದರೆ ಅವನು ರೈಲು ಹತ್ತುವ ಮೊದಲು ಪಾಸ್‌ವರ್ಡ್ ಇನ್ನಿಬ್ಬರ ಬಳಿ ಇರಲಿ.